ಮೀನಿಗೆ ರಾಜ್ಯದ ಗಡಿ ಇಲ್ಲ: ಮುಂಬೈ, ಮಲ್ಪೆ ಮತ್ತು 61 ದಿನದ ರಜೆ

ಜೂನ್-ಜುಲೈನಲ್ಲಿ ಅಂಧೇರಿ, ಠಾಣೆ, ಐರೋಲಿ ಕಡೆ ಮೀನು ತರೋಕೆ ಹೋದವರಿಗೆ ಗೊತ್ತಿರುತ್ತೆ. ತಾಜಾ ಪಾಪ್ಲೆಟ್, ಅಂದ್ರೆ ನಮ್ಮ ಮಾಂಜಿ, ಸಿಗೋದೇ ಕಷ್ಟ. ಸಿಕ್ಕಿದ್ರೂ ಐಸಲ್ಲಿಟ್ಟಿದ್ದು. "ಮಳೆಗಾಲ ಅಲ್ವಾ, ಬೋಟು ಹೋಗಲ್ಲ" ಅಂತ ಸುಮ್ಮನಾಗ್ತೀವಿ. ಆದರೆ ಬೋಟು ನಿಲ್ಲೋಕೆ ಮಳೆ ಅರ್ಧ ಕಾರಣ, ಇನ್ನರ್ಧ ಕಾನೂನು. ಆ ಕಾನೂನಿನ ಚರಿತ್ರೆಯಲ್ಲಿ ನಮ್ಮ ಕರಾವಳಿಯೂ ಇದೆ.

ಮೊದಲು ಇದ್ದದ್ದು ಕಾನೂನಲ್ಲ, ರೂಢಿ. ವರ್ಸೋವಾ, ವರ್ಲಿಯ ಕೋಳಿವಾಡಾಗಳಲ್ಲಿ ಮಳೆಗಾಲ ಬಂದರೆ ದೋಣಿ ದಡಕ್ಕೆ. ನಾರಳಿ ಪೂರ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೇ ಮತ್ತೆ ಬಲೆ. ಅದೇ ನಮ್ಮ ನೂಲ ಹುಣ್ಣಿಮೆ. ನಮ್ಮ ಮೊಗವೀರರಲ್ಲೂ ಸಮುದ್ರ ಪೂಜೆ ಇದೆ. ಒರಟು ಕಡಲಿಗೆ ಇಳಿಯದಿದ್ದದ್ದರಿಂದ ಬಂಗುಡೆ, ಬೂತಾಯಿಯಂಥ ಮೀನುಗಳಿಗೆ ಮೊಟ್ಟೆ ಇಡೋಕೆ ಸಮಯ ಸಿಗ್ತಿತ್ತು.

ಎಂಜಿನ್ ಬಂದ ಮೇಲೆ ಲೆಕ್ಕ ತಪ್ಪಿತು. ಟ್ರಾಲರ್ ಕಡಲಿನ ತಳವನ್ನೇ ಗುಡಿಸಿತು. ನಮ್ಮ ಕರಾವಳಿಯಲ್ಲಿ ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಇತ್ತಲ್ಲ, 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ಕೆಲವೇ ವರ್ಷಗಳಲ್ಲಿ ಅದು ಮೂಲೆ ಸೇರಿತು. ಮೀನಿನ ಹಿಂಡು ದಡಕ್ಕೆ ಬರೋ ಮೊದಲೇ ಬಲೆಯೊಳಗೆ!

ಆಗ ಕಾನೂನುಗಳು ಬಂದವು. ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯದ ವಿಷಯ. ದಡದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿ.ಮೀ. ದಾಟಿದರೆ ಕೇಂದ್ರದ್ದು. ಮಹಾರಾಷ್ಟ್ರ 1981ರಲ್ಲಿ, ಕರ್ನಾಟಕ 1986ರಲ್ಲಿ ಕಾಯ್ದೆ ಮಾಡಿದವು. ಮೀನುಗಾರರ ಹೋರಾಟದ ನಂತರ ಕೇರಳ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಲ್ಲಿಸಿತು.

ತೊಂದರೆ ಏನಪ್ಪಾ ಅಂದ್ರೆ, ತಾರೀಖು ಒಂದೊಂದು ಕಡೆ ಒಂದೊಂದು. ಕೇರಳದ್ದು ಜೂನ್ 15ರಿಂದ ಜುಲೈ 31. ಮಹಾರಾಷ್ಟ್ರದ್ದು ಜೂನ್ 10ರಿಂದ ಆಗಸ್ಟ್ 15 ಅಥವಾ ನಾರಳಿ ಪೂರ್ಣಿಮೆ, ಯಾವುದು ಮೊದಲೋ ಅದು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ, ಸರ್ವರ್ ಒಂದೇ, ಟೀಮುಗಳು ಐದು, ಪ್ರತಿಯೊಂದಕ್ಕೂ ಬೇರೆ ಬೇರೆ ಮೇಂಟೆನೆನ್ಸ್ ವಿಂಡೋ. ಒಬ್ಬರು ಬಿಟ್ಟ ಮೀನನ್ನು ಪಕ್ಕದವರು ಹಿಡಿದರೆ ಬಿಟ್ಟವರಿಗೆ ಏನು ಸಿಕ್ಕಿತು? 2015ರಿಂದ ಪಶ್ಚಿಮ ಕರಾವಳಿಯಲ್ಲಿ 12 ಮೈಲಿಯಾಚೆಯ ಕೇಂದ್ರದ ಕಡಲಿಗೆ ಜೂನ್ 1ರಿಂದ ಜುಲೈ 31ರವರೆಗೆ ಒಂದೇ ರಜೆ, 61 ದಿನ. ಪೂರ್ವಕ್ಕೆ ಏಪ್ರಿಲ್ 15ರಿಂದ ಜೂನ್ 14. ನನ್ನ ಪ್ರಕಾರ ಈ ಇಡೀ ಚರಿತ್ರೆಯಲ್ಲಿ ಅತಿ ದೊಡ್ಡ ಹೆಜ್ಜೆ ಇದೇ. ಯಾಕಂದ್ರೆ ಮಾಂಜಿಗೆ ಕಾರವಾರ ಎಲ್ಲಿ ಮುಗೀತು, ಸಿಂಧುದುರ್ಗ ಎಲ್ಲಿ ಶುರುವಾಯ್ತು ಗೊತ್ತಿಲ್ಲ.

12 ಮೈಲಿಯಾಚೆ ತಾರೀಖು ಒಂದಾಯಿತು. ಜಗಳ ಮುಗಿಯಲಿಲ್ಲ. ಮಹಾರಾಷ್ಟ್ರ 2016ರಲ್ಲಿ ಪರ್ಸೀನ್ ಮೀನುಗಾರಿಕೆಯನ್ನು ಸೆಪ್ಟೆಂಬರ್‌ನಿಂದ ಡಿಸೆಂಬರ್‌ಗೆ ಸೀಮಿತ ಮಾಡಿತು. ನಿಯಮ ಪಾಲಿಸೋದು ನಾವು, ಕರ್ನಾಟಕದ ದೊಡ್ಡ ಬೋಟುಗಳು ಬಂದು ಬಳಕೊಂಡು ಹೋಗ್ತವೆ ಅನ್ನೋದು ಮಾಲ್ವಣದ ಸಣ್ಣ ಮೀನುಗಾರರ ದೂರು. 12 ಮೈಲಿಯಾಚೆ ಯಾರಪ್ಪನ ಮನೆಯೂ ಅಲ್ಲ, ಮೀನಿದ್ದ ಕಡೆ ಹೋಗ್ತೀವಿ ಅನ್ನೋದು ನಮ್ಮ ಕಡೆಯವರ ಮಾತು. ಅಷ್ಟು ದೂರ ಹೋಗೋದು ಹುಡುಗಾಟವಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಏಳು ಜನರ ಸಮೇತ ಕಾಣೆಯಾಯಿತು. 2019ರ ಮೇನಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು ಮಾಲ್ವಣದ ಕಡಲಾಳದಲ್ಲಿ. ದಡದ ಹತ್ತಿರ ಮೀನು ಉಳಿದಿದ್ದರೆ ಯಾರು ಅಷ್ಟು ದೂರ ಹೋಗ್ತಿದ್ರು, ಹೇಳಿ?

ಮುಂಬೈ ಕನ್ನಡಿಗರು ಇಲ್ಲಿ ಎರಡೂ ಕಡೆಯವರು. ಮೊಗವೀರ ವ್ಯವಸ್ಥಾಪಕ ಮಂಡಳಿ ಈ ನಗರದಲ್ಲಿ ಹುಟ್ಟಿದ್ದು 1902ರಲ್ಲಿ. ಊರು ಮಲ್ಪೆಯ ಕಡೆ, ಅನ್ನ ಮುಂಬೈಯದು. ಕೋಳಿಯವರ ದೂರೂ ಅರ್ಥವಾಗಬೇಕು, ನಮ್ಮವರ ಕಷ್ಟವೂ.

ಈಗ ಉಳಿದಿರೋ ಕೆಲಸ ಅಳತೆಯದ್ದು. ಒಮ್ಮೆಯೂ ಮೊಟ್ಟೆ ಇಡದ ಮರಿಯನ್ನು ಹಿಡಿದರೆ ಮುಂದಿನ ವರ್ಷದ ಮೀನನ್ನು ಇವತ್ತೇ ತಿಂದಂತೆ. ಕೇರಳ 2015ರಲ್ಲೇ ಕನಿಷ್ಠ ಅಳತೆ ಗೊತ್ತುಮಾಡೋಕೆ ಶುರು ಮಾಡಿತು. 2023ರಲ್ಲಿ ಮಹಾರಾಷ್ಟ್ರ ಪಾಪ್ಲೆಟನ್ನು ರಾಜ್ಯದ ಮೀನು ಅಂತ ಘೋಷಿಸಿ, 54 ಜಾತಿಗಳಿಗೆ ಅಳತೆ ಹಾಕಿತು. ಪಾಪ್ಲೆಟ್‌ಗೆ 135 ಮಿ.ಮೀ. ಆದರೆ ಒಂದು ರಾಜ್ಯದಲ್ಲಿ ಹಿಡಿಯಬಾರದ ಮರಿ ಇನ್ನೊಂದರ ಬಂದರಿನಲ್ಲಿ ಇಳಿದು ಫಿಶ್‌ಮೀಲ್ ಕಾರ್ಖಾನೆಗೆ ಹೋದರೆ ಈ ನಿಯಮ ಕಾಗದದಲ್ಲೇ ಉಳಿಯುತ್ತೆ. ತಾರೀಖಿನಲ್ಲಿ ಒಪ್ಪಿದವರು ಅಳತೆಯಲ್ಲೂ, ಬಲೆಯ ಕಣ್ಣಿನಲ್ಲೂ ಒಪ್ಪಬೇಕು. ಕೊಳ್ಳುವ ನಾವೂ ಅಂಗೈಗಿಂತ ಚಿಕ್ಕ ಪಾಪ್ಲೆಟ್ ಅಗ್ಗ ಅಂತ ಚೀಲಕ್ಕೆ ಹಾಕ್ಕೋಬಾರದು.

ನಿಮ್ಮ ಮನೆಯಲ್ಲಿ ರಂಪಣಿ ಎಳೆದ ಹಿರಿಯರು ಇದ್ದರೆ ಅವರ ಮಾತನ್ನು ಕಾಮೆಂಟಿನಲ್ಲಿ ಬರೀರಿ, ಮುಂದಿನ ವಿಡಿಯೋದಲ್ಲಿ ಓದ್ತೀನಿ. ಬರ್ಲಾ?