ಸುಂಕದ ಉಗ್ರಾಣವೂ ಅಚೌರ್ಯಾಣುವ್ರತವೂ

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು, ಎಂದರೆ ರಾಜ್ಯದ ಕಟ್ಟಳೆ ಮೀರಿದ ವ್ಯವಹಾರವನ್ನು, ತತ್ತ್ವಾರ್ಥಸೂತ್ರವು ಎಣಿಸಿದೆ. ವರ್ತಕನು ಸುಂಕವನ್ನು ಮುಂದೂಡುವುದು ಈ ದೋಷವೇ? ಅಲ್ಲ. ಸುಂಕದ ಉಗ್ರಾಣಕ್ಕೆ 1878ರ ಸಮುದ್ರ ಸುಂಕ ಶಾಸನವೂ 1962ರ ಸುಂಕ ಅಧಿನಿಯಮವೂ ಅವಕಾಶವಿತ್ತಿವೆ. 1974ರಲ್ಲಿ ಮಹಾಬಂದರೆನಿಸಿದ, ಶಿರ್ವದವರಿಗೆ ಹತ್ತಿರದ ನವಮಂಗಳೂರಿಗೂ ಅನ್ವಯಿಸುವುದು ಇದೇ ನಿಯಮ. ಮುಚ್ಚಳಿಕೆ ಬರೆದುಕೊಟ್ಟು ಆಮದು ಸರಕನ್ನು ಉಗ್ರಾಣದಲ್ಲಿರಿಸಿ, ದೇಶದೊಳಗಿನ ಬಳಕೆಗೆ ಬಿಡಿಸಿಕೊಳ್ಳುವಾಗ ಸುಂಕ ತೆರಬಹುದು. ಮರಳಿ ಹೊರದೇಶಕ್ಕೆ ಕಳುಹಿಸಿದರೆ ಆಮದು ಸುಂಕವಿಲ್ಲ.

ಹಿಂದೆ ಉಗ್ರಾಣದ ಬಾಗಿಲಿಗೆ ಸುಂಕಾಧಿಕಾರಿಯ ಬೀಗವಿರುತ್ತಿತ್ತು. 2016ರ ತಿದ್ದುಪಡಿಯ ಬಳಿಕ ಸಾಮಾನ್ಯ ಉಗ್ರಾಣಗಳಲ್ಲಿ ಲೆಕ್ಕಪುಸ್ತಕವೇ ಕಾವಲು. ಅದನ್ನು ಬರೆಯುವವನು ಪರವಾನಗಿದಾರನೇ. ನಿಯಮದಂತೆ ತಡವಾಗಿ ತೆತ್ತ ಸುಂಕಕ್ಕೆ ದೋಷವಿಲ್ಲ. ಲೆಕ್ಕದಲ್ಲಿ ಒಂದು ಮೂಟೆಯನ್ನು ಮರೆಮಾಚಿದರೂ, ಯಾರೂ ಕಾಣದಿದ್ದರೂ, ಶ್ರಾವಕನ ವ್ರತಕ್ಕೆ ಅತಿಚಾರ ತಪ್ಪದು.