ಗ್ರಂಥಭಂಡಾರಗಳ ಪರಸ್ಪರ ಸಹಕಾರವೂ ವಚನವಾಙ್ಮಯದ ರಕ್ಷಣೆಯೂ

ಗ್ರಂಥವನ್ನು ರಕ್ಷಿಸುವುದೆಂದರೇನು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಪೂರ್ವದಿಂದಲೂ ಎರಡು ಉತ್ತರಗಳು ನಡೆದುಬಂದಿವೆ. ಓಲೆಯ ಕಟ್ಟನ್ನು ಅರಿವೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಪರರ ಕೈ ಸೋಂಕದಂತೆ ಕಾಪಾಡುವುದು ಒಂದು. ಅದನ್ನು ಬಿಚ್ಚಿ, ಓದಿಸಿ, ಪ್ರತಿಮಾಡಿಸಿ, ಒಂದು ಸ್ಥಳದಲ್ಲಿ ನಾಶವಾದರೂ ಮತ್ತೊಂದು ಸ್ಥಳದಲ್ಲಿ ಉಳಿಯುವಂತೆ ಹಂಚುವುದು ಇನ್ನೊಂದು. ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಅಜ್ಞರ ಕೈಯಿಂದಲೂ ತನ್ನನ್ನು ಕಾಪಾಡಿರೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಬರೆಯುತ್ತಿದ್ದರು. ಆ ಬೇಡಿಕೆಯು ಸಾಧುವಾದುದೇ ಸರಿ. ಆದರೆ ಆ ಲಿಪಿಕಾರನ ಎದುರಿಗೆ ಯಾರೋ ಪುಣ್ಯಾತ್ಮರು ಎರವಲು ಕೊಟ್ಟ ಮಾತೃಪ್ರತಿಯೊಂದು ಇದ್ದಿತೆಂಬುದನ್ನು ಮರೆಯಲಾಗದು. ಕೊಟ್ಟವರು ಇಲ್ಲದಿದ್ದರೆ ಕಾಯುವವರಿಗೆ ಕೆಲಸವೇ ಇರುತ್ತಿರಲಿಲ್ಲ. ಶರಣರ ವಚನವಾಙ್ಮಯವು ಎಂಟು ಶತಮಾನಗಳ ತರುವಾಯವೂ ನಮ್ಮ ಕೈಗೆ ದೊರೆತಿರುವುದಕ್ಕೆ ಈ ಕೊಡುಕೊಳೆಯೇ ಮುಖ್ಯ ಕಾರಣವೆಂಬುದು ಚರಿತ್ರೆಯಿಂದ ತಿಳಿದುಬರುವುದು.

ಹನ್ನೆರಡನೆಯ ಶತಮಾನದಲ್ಲಿ ಬಿಜ್ಜಳನ ಆಳಿಕೆಯ ಕಡೆಗಾಲದಲ್ಲಿ ಕಲ್ಯಾಣದಲ್ಲಿ ವಿಪ್ಲವವುಂಟಾಗಲು ಶರಣರು ನಾನಾ ದಿಕ್ಕುಗಳಿಗೆ ಚದುರಿದರು. ಬಸವಣ್ಣನವರು ಕೂಡಲಸಂಗಮದಲ್ಲಿಯೂ, ಚೆನ್ನಬಸವಣ್ಣನವರು ಉಳವಿಯಲ್ಲಿಯೂ, ಅಲ್ಲಮಪ್ರಭುಗಳು ಶ್ರೀಶೈಲದಲ್ಲಿಯೂ ಐಕ್ಯರಾದರೆಂಬುದು ಪರಂಪರಾಗತವಾದ ನಂಬುಗೆ. ಶರಣರೊಡನೆ ಅವರ ವಚನಗಳೂ ಚದುರಿದವು. ಕೆಲವು ಕಂಠಸ್ಥವಾಗಿ, ಕೆಲವು ಓಲೆಗಳಲ್ಲಿ, ಒಂದೊಂದು ಊರಿನಲ್ಲಿ ಒಂದೊಂದು ಭಾಗವಾಗಿ ಉಳಿದವು. ಅನಂತರ ಸುಮಾರು ಎರಡೂವರೆ ಶತಮಾನಗಳು ಕಳೆದು, 1424ರಿಂದ 1446ರವರೆಗೆ ವಿಜಯನಗರವನ್ನಾಳಿದ ಪ್ರೌಢದೇವರಾಯನ ಕಾಲದಲ್ಲಿ ಈ ಚದುರಿದ ಸಂಪತ್ತನ್ನು ಕೂಡಿಸುವ ಮಹಾಕಾರ್ಯವು ನಡೆಯಿತು. ಲಕ್ಕಣ್ಣದಂಡೇಶನು ಶಿವತತ್ತ್ವಚಿಂತಾಮಣಿಯನ್ನು ರಚಿಸಿದನು. ಜಕ್ಕಣಾರ್ಯನು ನೂರೊಂದುಸ್ಥಲವನ್ನು ವ್ಯವಸ್ಥೆಗೊಳಿಸಿದನು. ನೂರೊಂದು ವಿರಕ್ತರ ಕೀರ್ತಿಯು ಆ ಕಾಲಕ್ಕೆ ಸೇರಿದುದು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಶೂನ್ಯಸಂಪಾದನೆಯನ್ನು ಸಂಯೋಜಿಸಿದನು. ಅವನ ತರುವಾಯ ಹಲಗೆಯಾರ್ಯನೂ, ಗುಮ್ಮಳಾಪುರದ ಸಿದ್ಧಲಿಂಗಯತಿಯೂ, ಗೂಳೂರ ಸಿದ್ಧವೀರಣ್ಣೊಡೆಯನೂ ಅದನ್ನು ಕ್ರಮವಾಗಿ ಪರಿಷ್ಕರಿಸಿದರು.

ಶೂನ್ಯಸಂಪಾದನೆಯಲ್ಲಿ ಪ್ರಭುದೇವರ ವಚನಕ್ಕೆ ಬಸವಣ್ಣನವರ ವಚನವೂ, ಅದಕ್ಕೆ ಅಕ್ಕಮಹಾದೇವಿಯ ವಚನವೂ ಪ್ರತ್ಯುತ್ತರವಾಗಿ ನಿಲ್ಲುವುವು. ಬೇರೆಬೇರೆ ಶರಣರ ಇಷ್ಟು ವಚನಗಳನ್ನು ಹೀಗೆ ಹೊಂದಿಸಿ ಜೋಡಿಸುವ ಕೆಲಸವು ಒಂದು ಮಠದ ಒಂದು ಪೆಟ್ಟಿಗೆಯಿಂದ ಆಗತಕ್ಕುದಲ್ಲ. ಹಲವು ಕಡೆಯ ಓಲೆಗಳು ಒಂದೆಡೆಗೆ ಬಂದು ಸೇರಿದಲ್ಲದೆ ಇಂತಹ ಸಂಕಲನವು ಸಾಧ್ಯವಾಗದು. ಇಂದು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು 'ಸಂಪನ್ಮೂಲ ಹಂಚಿಕೆ' ಎಂದು ಕರೆಯುವ ಕಾರ್ಯವನ್ನು ಆ ವಿರಕ್ತರು ಹೆಸರಿಲ್ಲದೆಯೇ ನಡೆಯಿಸಿದರೆನ್ನಬಹುದು.

ಕಾಲಾಂತರದಲ್ಲಿ ರಾಜ್ಯಗಳು ಅಳಿದುವು. ವಿದ್ಯೆಗೆ ಆಶ್ರಯವು ಕುಂದಿತು. ಕಟ್ಟುಗಳು ಮಠಗಳಲ್ಲಿಯೂ ಮನೆತನಗಳಲ್ಲಿಯೂ ನಿಂತುಹೋದುವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾರ್ವಜನಿಕವಾದ ಗ್ರಂಥಭಂಡಾರಗಳು ತಲೆಯೆತ್ತಿದುವು. ಮದರಾಸಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರವು 1869ರಲ್ಲಿಯೂ, ಮೈಸೂರಿನ ಪ್ರಾಚ್ಯಕೋಶಾಗಾರವು ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿ 1891ರಲ್ಲಿಯೂ ಸ್ಥಾಪಿತವಾದುವು. ಮಾಲೀಕರು ಮೂಲವನ್ನು ಬಿಟ್ಟುಕೊಡಲೊಪ್ಪದಿದ್ದರೆ ಪಂಡಿತರಿಂದ ಪ್ರತಿಮಾಡಿಸಿಕೊಂಡು ಮೂಲವನ್ನು ಹಿಂದಿರುಗಿಸುವ ಪದ್ಧತಿಯೂ ಇಂತಹ ಭಂಡಾರಗಳಲ್ಲಿ ರೂಢಿಗೆ ಬಂದಿತು.

ಭಂಡಾರಗಳು ಒಂದಕ್ಕೊಂದು ನೆರವಾಗಬೇಕಾದುದೇಕೆಂಬುದಕ್ಕೆ ಮೈಸೂರಿನ ಭಂಡಾರದಲ್ಲಿಯೇ ಉತ್ತಮವಾದ ನಿದರ್ಶನವಿದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಯ ಕಟ್ಟೊಂದನ್ನು ಈ ಭಂಡಾರಕ್ಕೆ ಒಪ್ಪಿಸಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಅಲ್ಲಿಯ ಪಂಡಿತರಾದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಕಂಡುಕೊಂಡು, 1909ರಲ್ಲಿ ಅಚ್ಚುಹಾಕಿಸಿದರು. ಲೋಕವೇ ಬೆರಗಾಯಿತು. ಆದರೂ ಪಾಠದಲ್ಲಿ ಅನೇಕ ಸಂದೇಹಗಳು ಉಳಿದುವು. ಮುಂದೆ ಜರ್ಮನಿಯ ಮ್ಯೂನಿಕ್ ನಗರದ ಗ್ರಂಥಾಲಯದಲ್ಲಿದ್ದ ಪ್ರತಿಯೂ, ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು 1924-25ರಲ್ಲಿ ಪ್ರಕಟಿಸಿದಾಗ ಬಳಸಿದ ಕೇರಳದ ಸಾಮಗ್ರಿಯೂ, ಪಾಟಣದ ಜೈನಭಂಡಾರದಲ್ಲಿ ಸಿಕ್ಕ ತುಣುಕೂ ಸೇರಿದ ಮೇಲೆಯೇ, 1960ರಿಂದ ಮುಂಬಯಿ ವಿಶ್ವವಿದ್ಯಾಲಯವು ಹೊರತಂದ ಕಾಂಗಲೆಯವರ ಸಂಸ್ಕರಣದಲ್ಲಿ ಅರ್ಥಶಾಸ್ತ್ರದ ಪಾಠವು ನೆಲೆಗೊಂಡಿತು. ಒಂದು ಭಂಡಾರವು ಗ್ರಂಥವನ್ನು ಬದುಕಿಸಬಲ್ಲುದು. ಅದರ ಶುದ್ಧಪಾಠವನ್ನು ತಿಳಿಯಲು ಹಲವು ಭಂಡಾರಗಳು ಬಾಗಿಲು ತೆರೆಯಬೇಕು.

ವಚನವಾಙ್ಮಯದಲ್ಲಿಯೂ ಇದೇ ನಡೆಯಿತು. ಧಾರವಾಡದಲ್ಲಿ 1880ರಲ್ಲಿ ಜನಿಸಿ, ವಿಜಾಪುರದಲ್ಲಿ ವಕೀಲಿವೃತ್ತಿಯನ್ನು ಕೈಕೊಂಡಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು, ವೃತ್ತಿಯ ಸಂಪಾದನೆಯನ್ನೂ ಬದಿಗೊತ್ತಿ, ಊರೂರು ಅಲೆದು, ಮನೆಮನೆಯ ಮಾಡಗಳಲ್ಲಿಯೂ ಮಠಗಳ ಪೆಟ್ಟಿಗೆಗಳಲ್ಲಿಯೂ ಇದ್ದ ಕಟ್ಟುಗಳನ್ನು ಬೇಡಿ ತಂದರು. ಇವರಿಗೆ ಅಧಿಕಾರವೂ ಇಲ್ಲ, ಸರಕಾರದ ದ್ರವ್ಯವೂ ಇಲ್ಲ. ಕೊಟ್ಟವರು ನಂಬುಗೆಯ ಮೇಲೆಯೇ ಕೊಟ್ಟರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಹೊರಬಂದಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, 1964ರಲ್ಲಿ ಲಿಂಗೈಕ್ಯರಾಗುವವರೆಗೂ ಈ ವ್ರತವನ್ನು ಬಿಡಲಿಲ್ಲ. ಒಂದೊಂದು ಮನೆಯಲ್ಲಿ ಮೂಕವಾಗಿದ್ದ ಓಲೆಗಳು ಹೀಗೆ ಒಂದು ನಾಡಿನ ಸೊತ್ತಾದುವು.

ಕೊಡದೆ ಉಳಿದ ಕಟ್ಟುಗಳಿಂದ ಆದ ಹಾನಿಯೂ ಇಲ್ಲಿಯೇ ಕಾಣುವುದು. ಶೂನ್ಯಸಂಪಾದನೆಯ ನಾಲ್ಕು ಪರಿಷ್ಕರಣಗಳಲ್ಲಿ ಕಟ್ಟಕಡೆಯದಾದ ಗೂಳೂರ ಸಿದ್ಧವೀರಣ್ಣೊಡೆಯನದು ಮೊದಲು ಪ್ರಸಿದ್ಧಿಗೆ ಬಂದಿತು. ಎಲ್ಲಕ್ಕೂ ಮೂಲವಾದ ಶಿವಗಣಪ್ರಸಾದಿಯ ಕೃತಿಯು ಬಹುಕಾಲದ ಮೇಲೆ ಮುದ್ರಣವನ್ನು ಕಂಡಿತು. ಅದುವರೆಗೆ ಜಿಜ್ಞಾಸುಗಳು ತುದಿಯನ್ನು ಹಿಡಿದು ಬುಡವನ್ನು ಊಹಿಸಬೇಕಾಯಿತು. ಪ್ರಭುದೇವರ ಆ ಅನುಭವಗೋಷ್ಠಿಯನ್ನು ಮೊದಲ ಸಂಕಲನಕಾರನು ಹೇಗೆ ಕಂಡನು, ಹಿಂಬಂದವರು ಏನನ್ನು ಸೇರಿಸಿದರು ಎಂಬ ವಿವೇಚನೆಯು ಅದರಿಂದ ಅಷ್ಟು ಕಾಲ ತಡವಾಯಿತು. ಒಂದೇ ವಚನವು ಒಂದು ಪ್ರತಿಯಲ್ಲಿ ಒಬ್ಬ ಶರಣರ ಅಂಕಿತದಲ್ಲಿಯೂ ಇನ್ನೊಂದರಲ್ಲಿ ಬೇರೊಬ್ಬರ ಅಂಕಿತದಲ್ಲಿಯೂ ಕಾಣುವ ಸಂದರ್ಭಗಳಲ್ಲಿ, ಎರಡು ಪ್ರತಿಗಳನ್ನೂ ಎದುರಿಗಿಡದೆ ನಿರ್ಣಯ ಮಾಡುವುದು ಯಾವ ಪಂಡಿತನಿಗೂ ಅಸಾಧ್ಯ.

ಕನ್ನಡನಾಡು ಆಗ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಲವು ಆಳಿಕೆಗಳಲ್ಲಿ ಹರಿದುಹಂಚಿಹೋಗಿದ್ದಿತು. ನಾಡು ಒಂದಾದುದು 1956ರಲ್ಲಿ. ಗ್ರಂಥಗಳು ಅದಕ್ಕೆ ಮುಂಚೆಯೇ ಗಡಿಗಳನ್ನು ದಾಟಿದುವು. 1907, 1919, 1929ನೆಯ ಇಸವಿಗಳಲ್ಲಿ ಮೂರು ಸಂಪುಟಗಳಾಗಿ ಹೊರಬಂದ ರಾ. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯು ಬೇರೆಬೇರೆ ಸೀಮೆಗಳ ಕವಿಗಳನ್ನೂ ಅವರ ಕೃತಿಗಳನ್ನೂ ಒಂದು ಸರಣಿಯಲ್ಲಿ ತಂದುದರಿಂದ, ಯಾವ ಗ್ರಂಥಗಳುಂಟೆಂಬುದು ಎಲ್ಲರಿಗೂ ತಿಳಿಯಿತು. ಹುಡುಕುವವನಿಗೆ ಸೂಚಿಯೇ ಕೈದೀಪ. 1939ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಅದು ಮುಂದೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತು. ಮೈಸೂರು, ಧಾರವಾಡ, ಬೆಂಗಳೂರು, 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಇವುಗಳು ತಮ್ಮ ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಗಳನ್ನು ಅಚ್ಚುಹಾಕಿಸಿದುವು. ಮಠಗಳೂ ತಮ್ಮ ಕಟ್ಟುಗಳನ್ನು ವಿದ್ವಾಂಸರಿಗೆ ಒದಗಿಸಿದುವು. ಈ ಎಲ್ಲ ತೊರೆಗಳು ಕೂಡಿದ ಫಲವಾಗಿ, 1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಂಪುಟವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಅಲ್ಪಬೆಲೆಗೆ ಸಾಮಾನ್ಯರ ಮನೆಯನ್ನು ಸೇರಿದುವು. ಆ ಸಂಪುಟಗಳ ಬೆನ್ನಿಗೆ, ಒಂದೊಂದು ಕಟ್ಟನ್ನು ಕೊಟ್ಟ ಅನಾಮಧೇಯರಾದ ನೂರಾರು ಭಕ್ತರ ಔದಾರ್ಯವು ನಿಂತಿದೆ.

ಗ್ರಂಥಾಲಯಶಾಸ್ತ್ರದ ಆಚಾರ್ಯರಾದ ಶಿಯಾಳಿ ರಂಗನಾಥನ್ನರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದೇ, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬ ತತ್ತ್ವ. ಅವರು ತಮ್ಮ ಜೀವಿತದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು; 1962ರಲ್ಲಿ ಅಲ್ಲಿ ಗ್ರಂಥಾಲಯಶಾಸ್ತ್ರದ ಸಂಶೋಧನಕೇಂದ್ರವನ್ನು ನೆಲೆಗೊಳಿಸಿದರು. 1965ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಾರ್ವಜನಿಕ ಗ್ರಂಥಾಲಯ ಶಾಸನವು ಅಂಗೀಕೃತವಾಯಿತು. 1991ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ದೇಶದ ವಿದ್ಯಾಲಯಗಳ ಗ್ರಂಥಾಲಯಗಳನ್ನು ಹೆಣೆಯುವ ಇನ್‌ಫ್ಲಿಬ್‌ನೆಟ್ ಎಂಬ ಯೋಜನೆಯನ್ನು ಆರಂಭಿಸಿತು. ಯಾವ ಪುಸ್ತಕವು ಯಾವ ವಿಶ್ವವಿದ್ಯಾಲಯದಲ್ಲಿದೆಯೆಂದು ತಿಳಿಸುವ ಸಂಯುಕ್ತ ಸೂಚಿಯೂ, ಸಂಶೋಧನ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಶೋಧಗಂಗೆಯೂ ಅದರಿಂದ ಒದಗಿದುವು. ವಿದ್ವತ್ಪತ್ರಿಕೆಗಳ ಬೆಲೆಯು ಒಂದೊಂದು ಸಂಸ್ಥೆಯ ಶಕ್ತಿಗೆ ಮೀರಿದಾಗ, ಗ್ರಂಥಾಲಯಗಳು ಒಟ್ಟಾಗಿ ಚಂದಾ ಸಲ್ಲಿಸುವ ಮಾರ್ಗವನ್ನು ಕಂಡುಕೊಂಡುವು. 2024ರ ನವೆಂಬರಿನಲ್ಲಿ ಕೇಂದ್ರ ಸರಕಾರವು ಒಪ್ಪಿಗೆಯಿತ್ತ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಯಲ್ಲಿ, 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿ, 6,300ಕ್ಕೂ ಹೆಚ್ಚು ಸರಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ದೊರೆಯುವಂತೆ ಮಾಡಲಾಯಿತು. ಸಣ್ಣ ಊರಿನ ಸರಕಾರಿ ಕಾಲೇಜಿನ ವಿದ್ಯಾರ್ಥಿಯೂ ಮಹಾನಗರದ ವಿದ್ಯಾರ್ಥಿಯೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಹ ಈ ಏರ್ಪಾಡನ್ನು ದಾಸೋಹದ ಅರ್ಥವನ್ನರಿತವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ವಿಚಾರಿಸತಕ್ಕ ಅಂಶವೊಂದುಂಟು. ಅನ್ಯದೇಶಗಳ ಪತ್ರಿಕೆಗಳನ್ನು ದ್ರವ್ಯದಿಂದ ಕೊಳ್ಳಬಹುದು; ಇಂದು ಕೊಳ್ಳದಿದ್ದರೆ ನಾಳೆಯಾದರೂ ದೊರೆಯುವುವು. ಭಕ್ತರೊಬ್ಬರ ಅಟ್ಟದ ಮೇಲಿರುವ ಓಲೆಯ ಕಟ್ಟು ಎಷ್ಟು ಕೋಟಿ ತೆತ್ತರೂ ಬೇರೆಲ್ಲಿಯೂ ಸಿಕ್ಕದು. ಗೆದ್ದಲು ಮುಟ್ಟಿದ ಗರಿಯಲ್ಲಿದ್ದ ವಚನವನ್ನು ಮರಳಿ ತರಲು ಯಾವ ಯೋಜನೆಗೂ ಶಕ್ತಿಯಿಲ್ಲ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಆರಂಭವಾಯಿತು. 2025ರ ಕೇಂದ್ರ ಆಯವ್ಯಯದಲ್ಲಿ ಜ್ಞಾನಭಾರತಂ ಎಂಬ ಹೆಸರಿನಿಂದ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆಯನ್ನೂ ರಕ್ಷಣೆಯನ್ನೂ ಉದ್ದೇಶಿಸಲಾಯಿತು. ಆದರೆ ಪೆಟ್ಟಿಗೆಯ ಒಡೆಯನು ಬೀಗವನ್ನು ತೆಗೆಯದಿದ್ದರೆ ಸರಕಾರದ ಸಮೀಕ್ಷೆಯು ಹೊಸ್ತಿಲಲ್ಲಿಯೇ ನಿಲ್ಲಬೇಕಾಗುವುದು.

ಕೊಡಲು ಹಿಂಜರಿಯುವವರೆಲ್ಲರೂ ಲೋಭಿಗಳೆಂದು ಭಾವಿಸುವುದು ನ್ಯಾಯವಲ್ಲ. ಹಿರಿಯರು ನಿತ್ಯವೂ ವಿಭೂತಿ ಪುಷ್ಪಗಳನ್ನೇರಿಸಿ ಪೂಜಿಸಿದ ಕಟ್ಟನ್ನು ಅನ್ಯರ ಕೈಗೆ ಒಪ್ಪಿಸುವಾಗ ಮನಸ್ಸು ನೋಯುವುದು ಸಹಜ. ಹಿಂದಿರುಗಿಸುವೆವೆಂದು ಒಯ್ದವರಲ್ಲಿ ಎಲ್ಲರೂ ಹಿಂದಿರುಗಿಸಿದರೆಂದು ಹೇಳುವಂತೆಯೂ ಇಲ್ಲ. ಆದುದರಿಂದ ಸಹಕಾರವೆಂಬುದು ಬೇಡುವವರ ಮಾತಿನ ನೈಜತೆಯಿಂದಲೇ ಆರಂಭವಾಗಬೇಕು. ಮೊದಲು ಕಟ್ಟುಗಳನ್ನು ಎಣಿಸಿ, ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಲಿಪಿಕಾರನ ಹೆಸರು, ಕಾಲ, ಇವುಗಳ ಪಟ್ಟಿಯನ್ನು ಸಿದ್ಧಪಡಿಸಿ, ಅದರ ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೆ ಕಳುಹಿಸುವುದು. ಆಮೇಲೆ ಕಟ್ಟನ್ನು ಅದಿರುವ ಸ್ಥಳದಲ್ಲಿಯೇ, ಒಡೆಯರ ಸಮ್ಮುಖದಲ್ಲಿ, ಬಲ್ಲವರಿಂದ ಛಾಯಾಚಿತ್ರ ತೆಗೆಯಿಸುವುದು. ಛಾಯಾಪ್ರತಿಗಳನ್ನು ಎರಡು ಮೂರು ಭಂಡಾರಗಳಲ್ಲಿರಿಸುವುದು. ಉಪಯೋಗಿಸಿದ ವಿದ್ವಾಂಸನು ಒಡೆಯರ ಹೆಸರನ್ನು ಗ್ರಂಥದಲ್ಲಿ ಸ್ಮರಿಸುವುದು. ಈ ಕ್ರಮದಲ್ಲಿ ಮೂಲವು ಗದ್ದುಗೆಯ ಬಳಿಯಲ್ಲಿಯೇ ಉಳಿಯುವುದು; ಅದರೊಳಗಣ ನುಡಿಯು ಲೋಕಕ್ಕೆ ಸಲ್ಲುವುದು. ಲಿಪಿಕಾರನ ಬೇಡಿಕೆಯೂ ಈಡೇರುವುದು, ಶರಣರ ಆಶಯವೂ ಈಡೇರುವುದು.

ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ನೆಲೆಯಾದ ಭವನವು ವಿಕ್ಟೋರಿಯಾ ರಾಣಿಯ 1887ನೆಯ ಇಸವಿಯ ಸುವರ್ಣಮಹೋತ್ಸವದ ಸ್ಮಾರಕವಾಗಿ ಎದ್ದುದು. ಆ ಮಹೋತ್ಸವದ ಮೆರವಣಿಗೆಗಳನ್ನು ಇಂದು ಯಾರೂ ನೆನೆಯರು. ಗ್ರಂಥಗಳಿಗೆ ಮನೆಯಾದುದರಿಂದ ಆ ಭವನವು ನೆನಪಿನಲ್ಲುಳಿದಿದೆ. ಮಠದ ಮಹೋತ್ಸವವೂ ಚಿರಸ್ಥಾಯಿಯಾದ ಒಂದು ಗುರುತನ್ನು ಬಿಡಬೇಕಾದರೆ, ಸದ್ಭಕ್ತರ ಮನೆಗಳಲ್ಲಿರುವ ಓಲೆಯ ಕಟ್ಟುಗಳೂ ಕೋರಿಕಾಗದದ ಪ್ರತಿಗಳೂ ಎಣಿಕೆಗೆ ಬಂದು ಒಂದು ಸೂಚಿಯಲ್ಲಿ ಸೇರುವುದಕ್ಕಿಂತ ಉಚಿತವಾದ ಗುರುತು ಬೇರೊಂದಿರಲಾರದು. ಅನ್ನದಾಸೋಹವು ಆ ದಿನದ ಹಸಿವನ್ನು ತಣಿಸುವುದು. ಜ್ಞಾನದಾಸೋಹವು ಇನ್ನೂ ಹುಟ್ಟದವರ ಹಸಿವನ್ನೂ ತಣಿಸುವುದು. ಇಂತಹ ದಾಸೋಹಕ್ಕೆ ಭಕ್ತವೃಂದವು ಮನಮಾಡಲೆಂದು ಶರಣರಲ್ಲಿ ಪ್ರಾರ್ಥನೆ.