ಒಂದೇ ರೀಲು, ಬೇರೆ ಬೇರೆ ಅಳತೆ

ಸೋವಿಯತ್ ಒಕ್ಕೂಟದ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಹಾಕುತ್ತಿದ್ದುದು ಒಂದೇ ಬಗೆಯ ರೀಲು: 35 ಮಿ.ಮೀ. ಅಗಲದ ಫಿಲ್ಮು, 24×36 ಮಿ.ಮೀ. ಚೌಕಟ್ಟು. ಆದರೂ ಫೆಡ್, ಝೋರ್ಕಿ, ಕೀವ್, ಲೆನಿನ್‌ಗ್ರಾದ್‌ಗಳನ್ನು ಸಾಲಾಗಿ ಇಟ್ಟರೆ ಎಲ್ಲವುಗಳ ಗಾತ್ರ ಒಂದೇ ಅಲ್ಲ. ಗಾತ್ರವನ್ನು ಹಿಗ್ಗಿಸಿದ್ದು ಫಿಲ್ಮಲ್ಲ. ದೂರ ಅಳೆಯುವ ಕಿಟಕಿಗಳು, ಷಟರ್, ರೀಲು ಹಾಕುವ ಕ್ರಮ ಮತ್ತು ಬೆಳಕಿನ ಮೀಟರ್.

ಮೊದಲನೆಯದು ಫೆಡ್. ಶಿಕ್ಷಣತಜ್ಞ ಆಂತೊನ್ ಮಕರೆಂಕೊ ಖಾರ್ಕೊವ್‌ನಲ್ಲಿ ಅನಾಥ ಮಕ್ಕಳಿಗಾಗಿ ನಡೆಸಿದ ಕಮ್ಯೂನಿನ ಕಾರ್ಖಾನೆಯಲ್ಲಿ 1934ರಿಂದ ಇದರ ತಯಾರಿಕೆ ನಡೆಯಿತು. ಕ್ಯಾಮೆರಾಗಳಿಗೂ ಮೊದಲು ಅಲ್ಲಿ ವಿದ್ಯುತ್ ಡ್ರಿಲ್‌ಗಳನ್ನು ಮಾಡುತ್ತಿದ್ದರು. ಫೆಡ್ ಜರ್ಮನಿಯ ಲೈಕಾದ ಪಡಿಯಚ್ಚು. ಉದ್ದ ಸುಮಾರು 13 ಸೆಂ.ಮೀ.; ಲೆನ್ಸನ್ನು ಒಳಗೆ ತಳ್ಳಿಬಿಟ್ಟರೆ ಕೋಟಿನ ಜೇಬಿಗೆ ಇಳಿಯುತ್ತದೆ. ಇಷ್ಟು ಪುಟ್ಟದಾಗಿರಲು ಎರಡು ಬೆಲೆ ತೆರಬೇಕಿತ್ತು. ರೀಲನ್ನು ತಳದಿಂದ ತೂರಿಸಬೇಕು, ಅದಕ್ಕಾಗಿ ಫಿಲ್ಮಿನ ತುದಿಯನ್ನು ಉದ್ದಕ್ಕೆ ಕತ್ತರಿಸಿಕೊಳ್ಳಬೇಕು. ಅಲ್ಲದೆ ಕಿಟಕಿಗಳ ನಡುವಿನ ಅಂತರ 4 ಸೆಂ.ಮೀ.ಗೂ ಕಡಿಮೆ. ಈ ಅಂತರ ಹೆಚ್ಚಿದಷ್ಟೂ ಫೋಕಸ್ ಕರಾರುವಾಕ್ಕು.

ಮಾಸ್ಕೊ ಬಳಿಯ ಕ್ರಾಸ್ನೊಗೊರ್ಸ್ಕ್‌ನಲ್ಲಿ 1948ರಲ್ಲಿ ಹುಟ್ಟಿದ ಝೋರ್ಕಿಯೂ ಇದೇ ಅಳತೆಯದು. ಫ್ಲಾಶ್ ಸಂಪರ್ಕ ಸೇರಿಸಿದ ಝೋರ್ಕಿ-ಎಸ್‌ನಲ್ಲಿ ಮೇಲಿನ ಕವಚ ಎತ್ತರವಾಯಿತು. 1956ರ ಝೋರ್ಕಿ-4ಕ್ಕೆ ದೊಡ್ಡ ವ್ಯೂಫೈಂಡರ್, ನಿಧಾನಗತಿಯ ಷಟರ್, ಕಳಚುವ ಬೆನ್ನು ಎಲ್ಲವೂ ಬಂದವು. ಜೇಬಿನ ಆಸೆ ಅಲ್ಲಿಗೆ ಬಿಟ್ಟಂತೆ. ಅದರ ಯುಪಿಟರ್-8 ಲೆನ್ಸ್ ಒಳಗೆ ಮಡಚಿಕೊಳ್ಳುವಂಥದ್ದೂ ಅಲ್ಲ.

ಗಾತ್ರವನ್ನು ಜಾಣತನದಿಂದ ಖರ್ಚು ಮಾಡಿದ್ದು 1955ರ ಫೆಡ್-2. ತಳ ಮತ್ತು ಬೆನ್ನು ಒಂದೇ ತುಂಡಾಗಿ ಕಳಚಿಬರುತ್ತವೆ, ಕಿಟಕಿಗಳ ಅಂತರ 67 ಮಿ.ಮೀ. ಕೊಂಚ ಉದ್ದವಾದರೂ ಪಡೆದ ಲಾಭ ದೊಡ್ಡದು. ಮುಂದಿನ ಫೆಡ್-3ರಲ್ಲಿ ಷಟರ್‌ನ ನಿಧಾನಗತಿಯ ಗಾಲಿಗಳಿಗೆ ಜಾಗ ಮಾಡಲು ಅದೇ ಅಂತರವನ್ನು ಮತ್ತೆ ಕುಗ್ಗಿಸಿದರು. 1964ರ ಫೆಡ್-4ಕ್ಕೆ ಸೆಲೆನಿಯಂ ಮೀಟರೂ ಸೇರಿ ಅದು ಇಟ್ಟಿಗೆಯಂತಾಯಿತು.

ಕೀವ್‌ನ ವಂಶವೇ ಬೇರೆ. ಯುದ್ಧಪರಿಹಾರವಾಗಿ ಬಂದ ಜರ್ಮನ್ ಯಂತ್ರೋಪಕರಣ ಮತ್ತು ಬಿಡಿಭಾಗಗಳಿಂದ 1947ರಲ್ಲಿ ಶುರುವಾದ ಇದು ಜರ್ಮನಿಯದೇ ಆದ ಕಾಂಟ್ಯಾಕ್ಸ್ ಕ್ಯಾಮೆರಾದ ಮುಂದುವರಿಕೆ. ಬಟ್ಟೆಯ ಪರದೆ ಅಡ್ಡಕ್ಕೆ ಓಡುವ ಲೈಕಾ ಮಾದರಿಯ ಬದಲು ಇಲ್ಲಿ ಲೋಹದ ಪಟ್ಟಿಗಳ ಷಟರ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಅದರ ಉರುಳೆಗಳಿಗೆ ಮೇಲೂ ಕೆಳಗೂ ಜಾಗ ಬೇಕಾದ್ದರಿಂದ ದೇಹವೇ ಎತ್ತರ. ಕಿಟಕಿಗಳ ಅಂತರ 90 ಮಿ.ಮೀ. ಒಂದು ಕಿಟಕಿ ಎಷ್ಟು ಅಂಚಿನಲ್ಲಿದೆಯೆಂದರೆ ಹಿಡಿದವರ ಬೆರಳೇ ಅದನ್ನು ಮುಚ್ಚಿಬಿಡುತ್ತದೆ. ಮೀಟರ್ ಇರುವ ಕೀವ್-4, ಮೀಟರ್ ಇಲ್ಲದ 4ಎಗಿಂತ ಇನ್ನಷ್ಟು ಎತ್ತರ.

1956ರ ಲೆನಿನ್‌ಗ್ರಾದ್ ಈ ಸಾಲಿನ ಭಾರಿ ಆಳು. ಕೀಲಿ ಕೊಟ್ಟರೆ ಫಿಲ್ಮನ್ನು ತಾನೇ ಮುಂದೂಡುವ ಸ್ಪ್ರಿಂಗ್ ಅದರೊಳಗಿದೆ. 1958ರ ಬ್ರಸೆಲ್ಸ್ ಮೇಳದಲ್ಲಿ ಬಹುಮಾನವನ್ನೂ ಪಡೆಯಿತು. 6×9 ಸೆಂ.ಮೀ. ಚೌಕಟ್ಟಿನ ಮಾಸ್ಕ್ವಾ ಕ್ಯಾಮೆರಾವನ್ನು ಇವುಗಳ ಜೊತೆ ಹೋಲಿಸುವುದು ನ್ಯಾಯವಲ್ಲ. ಅದರ ರೀಲೇ ದೊಡ್ಡದು, ಆದರೂ ಮಡಚಿದರೆ ತೆಳ್ಳಗಾಗುತ್ತದೆ.

ಹಳೆಯ ಫೆಡ್, ಝೋರ್ಕಿಗಳ ಮೇಲೆ ಲೈಕಾ ಎಂದು ಕೆತ್ತಿ ಮಾರುವ ದಂಧೆಗೆ ದಾರಿಯಾದದ್ದು ಲೈಕಾದೊಂದಿಗೆ ಅವಕ್ಕಿರುವ ಅಳತೆಯ ಸಾಮ್ಯವೇ. ಮುಂಬಯಿಯ ಚೋರ್ ಬಜಾರಿನಲ್ಲಾಗಲಿ, ಜೋಗೇಶ್ವರಿ ಪಶ್ಚಿಮದ ಓಶಿವಾರಾ ಹಳೇ ಪೀಠೋಪಕರಣದ ಅಂಗಡಿಗಳಲ್ಲಾಗಲಿ ಅಂಥದೊಂದು ಕಣ್ಣಿಗೆ ಬಿದ್ದರೆ ಅಳತೆಪಟ್ಟಿಯನ್ನು ನಂಬಬಾರದು. ಲೆನ್ಸ್ ತಿರುಚಿ ತೆಗೆದು ಒಳಗಿನ ಫೋಕಸ್ ಸನ್ನೆಯ ತುದಿಯನ್ನು ನೋಡಬೇಕು: ಅಸಲಿ ಲೈಕಾದಲ್ಲಿ ಅಲ್ಲಿ ಉರುಟಾದ ಪುಟ್ಟ ಗಾಲಿ ಇರುತ್ತದೆ, ಸೋವಿಯತ್ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಬೆಣೆಯಾಕಾರದ ಲೋಹದ ತುಂಡು.